ಉಲ್ಟಾ ಕೂತ ಸಿಂಹಗಳು

ಲಿಮಾದ ಚೀನೀ ಕೇರಿಯ ಕಮಾನಿನ ಬಲಗಡೆ, ಸಿಂಹವಿಲ್ಲದೆ ಬರಿದಾಗಿದ್ದ ಕಲ್ಲುಪೀಠದ ಮೇಲೆ, ಎರ್ಮೆಲಿಂದಾ ಸಿಯು ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಬುಟ್ಟಿಯಲ್ಲಿ ಹಂದಿಮಾಂಸ ತುಂಬಿ ಹಬೆಯಲ್ಲಿ ಬೇಯಿಸಿದ ಬಿಸಿ ಬನ್ನು, ಮಿನ್‌ಪಾವ್. ವ್ಯಾಪಾರವೂ ನಡೆಯಲಿ, ಜಗಳವೂ ನಡೆಯಲಿ ಎಂಬ ಲೆಕ್ಕ.

ಕಮಾನಿನ ದುರಸ್ತಿ ಮುಗಿದಿತ್ತು. ಹೊಸ ಹೆಂಚು, ಹೊಸ ಕೆಂಪು ಬಣ್ಣ, ಅದಕ್ಕೆಲ್ಲ ಅವಳ ತಕರಾರಿಲ್ಲ. ತಕರಾರು ಬಾಗಿಲು ಕಾಯುವ ಜೋಡಿ ಕಲ್ಲುಸಿಂಹಗಳದ್ದು. ಮರಿಯ ಮೇಲೆ ಪಂಜವಿಟ್ಟ ಹೆಣ್ಣು ಒಳಬರುವವರ ಎಡಕ್ಕೆ, ಚೆಂಡು ಮೆಟ್ಟಿದ ಗಂಡು ಬಲಕ್ಕೆ ಇರುವುದು ಚೀನಾದ ಪದ್ಧತಿ. ಇಲ್ಲಿ ಮಾತ್ರ ಅದಲುಬದಲು. ಕೂರಿಸಿದವನು ಅವಳಪ್ಪ, ಗಾರೆ ಕೆಲಸದ ಫೆಲಿಪೆ ಸಿಯು. ಲಿಮಾದಲ್ಲೇ ಹುಟ್ಟಿ ಲಿಮಾದಲ್ಲೇ ಮಣ್ಣಾದವನು. ಚೀನಾದಿಂದ ಬಂದ ಹಿರಿಯರು ತಾವು ಸಾಯುವವರೆಗೂ ಅವನನ್ನು ಉಲ್ಟಾ ಸಿಯು ಎಂದೇ ಕರೆದರು. ಶಾಲೆಯಲ್ಲಿ ಇವಳು ಉಲ್ಟಾನ ಮಗಳು. ಆ ಹೆಸರಿಗೆ ಎಷ್ಟು ಸಲ ಅತ್ತಿದ್ದಳೋ!

ಈಗ ತೊಳೆದ ಸಿಂಹಗಳನ್ನು ಸರಿಯಾದ ಕಡೆ ಕೂರಿಸುತ್ತೇವೆಂದು ಕೇರಿಯ ಸಂಘದ ಅಧ್ಯಕ್ಷ ಎಫ್ರಾಯಿನ್ ಲೌ ಸಾರಿದಾಗ, ಅಪ್ಪನ ಹೆಸರಿಗೆ ಅಂಟಿದ ಮಸಿ ಹೋಯಿತೆಂದು ಅವಳು ಹಿಗ್ಗುತ್ತಾಳೆಂದೇ ಎಲ್ಲರೂ ಎಣಿಸಿದ್ದರು. ಅವಳು ಬಂದು ಪೀಠ ಹತ್ತಿದಳು.

ಕ್ರೇನು ಗಂಡು ಸಿಂಹವನ್ನು ತೂಗುಬಿಟ್ಟುಕೊಂಡು ನಿಂತಿತು. ಲೌ ಮೊದಲು ನಕ್ಕ, ಆಮೇಲೆ ಬೇಡಿಕೊಂಡ, ಕೊನೆಗೆ ಬೆವರಿದ.

"ಇಳೀರಿ ಚಿಕ್ಕಮ್ಮಾ. ಹೊಸವರ್ಷಕ್ಕೆ ಚೀನಾದಿಂದ ಅತಿಥಿಗಳು ಬರ್ತಿದಾರೆ. ನೋಡಿ ನಗಲ್ವಾ?"

"ನಗ್ಲಿ ಬಿಡು. ನಮ್ಮಪ್ಪನ್ನ ನೋಡಿ ನಕ್ಕೋರೆಲ್ಲ ಹೋದ್ರು, ಸಿಂಹ ಇಲ್ಲೇ ಇತ್ತು."

"ತಪ್ಪು ತಪ್ಪೇ ಅಲ್ವಾ?"

"ತಪ್ಪೇ ಕಣೋ, ಇಲ್ಲ ಅಂದ್ನಾ? ಅಪ್ಪ ಚೀನಾ ಕಂಡೋನೇ ಅಲ್ಲ. ನೀನೂ ಕಂಡಿಲ್ಲ, ನಾನೂ ಕಂಡಿಲ್ಲ. ಸರಿಯಾಗಿ ಕೂರಿಸಿದ್ರೆ ಇದು ಅವರ ಬಾಗಿಲು. ತಪ್ಪಾಗಿದೆ, ಅದಕ್ಕೇ ನಮ್ಮದು. ಮಗು ಬೇಕು ಅಂತ ನಿಮ್ಮಮ್ಮ ಮರಿ ತಲೆ ಸವರಿದ್ದು ಯಾವ ಕಡೆ ನಿಂತು? ಹೇಳು."

ಸುತ್ತ ಸೇರಿದ್ದ ಗುಂಪು ಕಿಸಕ್ಕನೆ ನಕ್ಕಿತು. ಕೇರಿಯ ಹೆಂಗಸರೆಲ್ಲ ಸವರಿ ಸವರಿ ಆ ಮರಿಯ ಕಿವಿಗಳೇ ಸವೆದುಹೋಗಿದ್ದವು. ಲೌ ಅವಳು ಕೂತ ಪೀಠವನ್ನೇ ನೋಡಿದ. ಗಂಡನ್ನು ಎಡಕ್ಕೆ ಒಯ್ಯಲು ಕ್ರೇನಿನವನಿಗೆ ಕೈಸನ್ನೆ ಮಾಡಿದ. ಹೆಣ್ಣು ಸಿಂಹ ಕ್ರೇನಿನಲ್ಲಿ ತೂಗುತ್ತ ತನ್ನ ತಲೆಯ ಮೇಲೆ ಬಂದು ನಿಂತಮೇಲೇ ಎರ್ಮೆಲಿಂದಾ ಇಳಿದಳು.

ಹೊಸವರ್ಷದ ದಿನ ಅತಿಥಿಗಳಲ್ಲೊಬ್ಬ ಸಿಂಹಗಳತ್ತ ಬೆರಳು ತೋರಿಸಿ ನಿಜಕ್ಕೂ ನಕ್ಕ. ಅವಳು ಬುಟ್ಟಿ ಸಮೇತ ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ಉಲ್ಟಾ ಸಿಯು ಮಗಳು ನಾನೇ" ಎಂದಳು.

ಅವನಿಗೆ ಅರ್ಥವಾಯಿತೋ ಬಿಟ್ಟಿತೋ. ಒಂದು ಮಿನ್‌ಪಾವ್ ಕೊಟ್ಟು, ಅತಿಥಿಯೆಂದು ಬಿಡದೆ, ದುಡ್ಡಿಗೆ ಕೈ ಚಾಚಿದಳು.