ಹನ್ನೆರಡನೇ ತೂಬಿನ ಕೆಂಪು ಚುಕ್ಕೆ

ಹೊನ್ನೂರಪ್ಪನಿಗೆ ಈ ಭೂಮಿಯ ಮೇಲಿನ ಯಾವುದರ ಅಂಜಿಕೆಯೂ ಇರಲಿಲ್ಲ. ಸಂಡೂರು ಗುಡ್ಡದಿಂದ ಇಳಿದುಬಂದ ಕರಡಿಯೊಂದು ಅವನ ಬುತ್ತಿಗಂಟು ಮೂಸಿದಾಗ, “ಮೊದ್ಲು ಕೈ ತೊಳಕೊಂಡು ಬಾರಲೇ” ಎಂದು ಗದರಿಸಿದನಂತೆ. ಕರಡಿ ಕಾಲುವೆಗೆ ಹೋಗಿ ತೊಳೆದುಕೊಂಡೇ ಬಂತಂತೆ. ನಾನು ಕಣ್ಣಾರೆ ಕಂಡಿಲ್ಲ. ಆದರೆ ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ, ನಿಜವೇ ಇರಬೇಕು. ಅಂಥವನಿಗೆ ಅಂಜಿಕೆ ಹತ್ತಿದ್ದು ಮೇಲಿನಿಂದ, ಆಕಾಶದಿಂದ.

ಹೊಸಪೇಟೆಯಿಂದ ಕಂಪ್ಲಿ ಕಡೆ ಹೋಗುವ ಕಾಲುವೆಯಲ್ಲಿ ಅವನು ಲಸ್ಕರ್. ತೂಬಿನ ಬಾಗಿಲು ಎತ್ತುವುದು, ಇಳಿಸುವುದು, ಪಾಳಿ ಪ್ರಕಾರ ಹೊಲಗಳಿಗೆ ನೀರು ಬಿಡುವುದು. ಅರವತ್ತಾರರಲ್ಲಿ ಸೇರಿದವನು. ದಂಡೆಗೆ ಕಿವಿ ಹಚ್ಚಿ ಮಲಗಿದರೆ ಡ್ಯಾಮಿನ ಮೇಲೆ ಇಂಜಿನಿಯರ್ ಸಾಹೇಬರು ಕೆಮ್ಮಿದ್ದೂ ಕೇಳಿಸುತ್ತಿತ್ತು.

ಹನ್ನೆರಡನೇ ತೂಬಿನ ಕೆಳಗೆ ಅವನ ತಂಗಿ ಜಂಬವ್ವನದು ಆರು ಎಕರೆ ಹೊಲ. ಗಂಡ ತೀರಿಕೊಂಡ ಮೇಲೆ ಆಕೆಗೆ ಆ ಹೊಲವೇ ದಿಕ್ಕು. ಅಲ್ಲಿಗೆ ಸರ್ಕಾರ ಗೊತ್ತು ಮಾಡಿದ್ದು ಜೋಳ, ಹತ್ತಿ, ಕಡಲೆಗೆ ಸಾಲುವಷ್ಟು ನೀರು. ಭತ್ತ ಹಚ್ಚಿದರೆ ಕಾಲುವೆಯ ಕೊನೆಯ ಊರುಗಳು ಒಣಗುತ್ತವೆ ಎಂದು ಕಾನೂನು. ಸಿಕ್ಕಿಬಿದ್ದರೆ ಹೊಲಕ್ಕೆ ನೀರು ಬಂದ್, ಬಿಟ್ಟ ಲಸ್ಕರನಿಗೆ ಕೆಲಸ ಬಂದ್. ಆದರೂ ಎಂಬತ್ತೆಂಟರ ಮಳೆಗಾಲ ಜಂಬವ್ವ ಭತ್ತ ಹಚ್ಚಿದಳು. ಅಣ್ಣ ಬಾಗಿಲನ್ನು ಎರಡು ಬೆರಳು ಹೆಚ್ಚಿಗೆ ಎತ್ತಿದ. ಡಿಸೆಂಬರಿನಲ್ಲಿ ಕೊಯ್ದು, ನೇಗಿಲು ಹೊಡೆದು, ಅದೇ ಹೊಲಕ್ಕೆ ಜೋಳ ಬಿತ್ತಿದರು. ಫೆಬ್ರವರಿ ಹೊತ್ತಿಗೆ ಜೋಳ ಮೊಣಕಾಲು ಮುಟ್ಟಿತ್ತು. ಭತ್ತಕ್ಕೆ ಸಾಕ್ಷಿ ಎಂದರೆ ದಪ್ಪಗಾದ ಗುಬ್ಬಿಗಳಷ್ಟೇ.

ಆಗ ಬಂತು ಜೀಪು. ಇಳಿದವರು ನೀಲಗಂಗಮ್ಮ. ಧಾರವಾಡದಲ್ಲಿ ಭೂಗೋಳ ಓದಿ, ಉಪಗ್ರಹ ತೆಗೆದ ಚಿತ್ರ ನೋಡಿ ಎಲ್ಲಿ ಯಾವ ಬೆಳೆ ಇದೆಯೆಂದು ಹೇಳುವ ಕೆಲಸ ಅವರದು. ಸೀಮೆ ಬಲ್ಲವನೊಬ್ಬ ಬೇಕೆಂದು ಕೇಳಿದ್ದಕ್ಕೆ ಕಚೇರಿಯವರು ಹೊನ್ನೂರಪ್ಪನನ್ನು ತೋರಿಸಿದ್ದರು.

ಜೀಪಿನ ಮೂತಿಯ ಮೇಲೆ ಅವರು ಒಂದು ಚಿತ್ರ ಹಾಸಿದರು. ಹೊನ್ನೂರಪ್ಪ ಬಗ್ಗಿ ನೋಡಿದ. ಕಾಲುವೆಯ ಎರಡೂ ಕಡೆ ಕೆಂಪೋ ಕೆಂಪು! ಕಚೇರಿಯ ನಕ್ಷೆಯಲ್ಲಿ ಕಳ್ಳ ಭತ್ತದ ಹೊಲಕ್ಕೆ ಕೆಂಪು ಪೆನ್ಸಿಲ್ ಹಚ್ಚುವುದನ್ನು ಇಪ್ಪತ್ತೆರಡು ವರ್ಷ ಕಂಡವನು ಅವನು. ಆಕಾಶದ ಸಾಹೇಬರು ಇಡೀ ಸೀಮೆಗೇ ಕೆಂಪು ಹಚ್ಚಿ ಕಳಿಸಿದ್ದಾರೆ!

“ಎಲ್ಲಾರೂ ಸಿಕ್ರೇನ್ರೀ ಅವ್ವಾರ?” ಎಂದ.

“ಯಾರು ಸಿಗೋದು? ಹಸಿರು ಬೆಳಿ ಇದರಾಗ ಕೆಂಪಗ ಬರ್ತದ. ನಮ್ಮ ಕಣ್ಣಿಗೆ ಕಾಣದ ಬೆಳಕು ಅದಕ್ಕ ಕಾಣ್ತದರಿ.”

ಇದರಿಂದ ಧೈರ್ಯ ಬರಬೇಕಿತ್ತು. ಬರಲಿಲ್ಲ. ಕಾಣದ್ದೂ ಕಾಣುತ್ತದೆ ಎಂದ ಮೇಲೆ ಮುಗಿಯಿತಲ್ಲ!

ನೀಲಗಂಗಮ್ಮ ಎಳ್ಳುಕಾಳಿನಷ್ಟು ಕಡುಗೆಂಪು ಚುಕ್ಕೆಯೊಂದರ ಮೇಲೆ ಪೆನ್ಸಿಲ್ ಇಟ್ಟರು. “ಇದು ಹನ್ನೆರಡನೇ ತೂಬಿನ ಕೆಳಗಲ್ರಿ? ಚಿತ್ರ ತಗದದ್ದು ನವೆಂಬರದಾಗ. ಆಗ ಇಲ್ಲೇನಿತ್ತು?”

ಗಾಳಿಗೆ ಜಂಬವ್ವನ ಜೋಳ ಅಲ್ಲೇ ತಲೆ ಅಲ್ಲಾಡಿಸುತ್ತಿತ್ತು.

“ಜೋಳ” ಎಂದ ಹೊನ್ನೂರಪ್ಪ.

ಅವರು ಬರೆದುಕೊಂಡರು. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಸುಖವಾಗಿ ಮುದುಕನಾಗುತ್ತಿದ್ದ. ಆದರೆ ಚಿತ್ರ ಸುತ್ತುತ್ತ ಆ ಹೆಣ್ಣುಮಗಳು ಒಂದು ಮಾತು ಸೇರಿಸಿದರು: “ಭಾಳ ಉಪಕಾರ ಆತ್ರಿ. ಇನ್ನ ಈ ಬಣ್ಣ ಎಲ್ಲೆಲ್ಲಿ ಅದನೋ ಅಲ್ಲೆಲ್ಲ ಜೋಳ ಅಂತ ಮಷಿನ್ನಿಗೆ ಕಲಿಸ್ತೀವಿ. ನಾಡಿದ್ದು ಹೊರಡ್ತೀನಿ.”

ಮನೆಗೆ ಬಂದ ಅಣ್ಣನ ಮೋರೆ ನೋಡಿ ಜಂಬವ್ವ ಕೇಳಿದಳು, “ಏನಾತೋ? ಸುಣ್ಣ ಬಳದಂಗ ಆಗೀದಿ.”

“ಮ್ಯಾಲಿಂದ ನಿನ್ನ ಹೊಲ ಕಂಡದ.”

“ನಾನೂ ಕಂಡೀನೇನು? ಸೆರಗು ಸರಿ ಇತ್ತೋ ಇಲ್ಲೋ!”

“ಹಲ್ಲು ಕಿಸೀಬ್ಯಾಡ. ಜೋಳ ಅಂದುಬಿಟ್ಟೀನಿ.”

“ಜಾಣ ಆದಿ ಬಿಡು.”

ಜಾಣ ಎರಡು ದಿನ ಅನ್ನ ಮುಟ್ಟಲಿಲ್ಲ. ನೀರಿನ ಮನುಷ್ಯ, ಅವನ ಸುಳ್ಳು ಕಾಲುವೆಗುಂಟ ಹರಿಯುವುದು ಅವನಿಗೆ ಕಾಣುತ್ತಿತ್ತು. ಅದೇ ಬಣ್ಣದ ಭತ್ತವೆಲ್ಲ ಜೋಳವಾಗುತ್ತದೆ. ಜೋಳಕ್ಕೆ ಇಷ್ಟು ನೀರೇ ಸಾಕೆಂದು ಡ್ಯಾಮಿನಲ್ಲಿ ಬಾಗಿಲು ಇಳಿಸುತ್ತಾರೆ. ಮೇಲಿನ ಭತ್ತ ಇದ್ದದ್ದನ್ನೂ ಕುಡಿದುಬಿಡುತ್ತದೆ. ಕೊನೆಯ ಊರಿನ ದನಗಳು ಒಣ ಕಾಲುವೆಯಲ್ಲಿ ನಿಂತು ಅವನ ಹೆಸರು ಹಿಡಿದು ಕೂಗುತ್ತವೆ. ಕಿವಿ ಮುಚ್ಚಿಕೊಂಡರೂ ಅವನಿಗೆ ಕೇಳಿಸುತ್ತಿತ್ತು. ಹೇಳಿದರೆ ತಂಗಿಯ ನೀರು ಹೋಗುತ್ತದೆ, ತನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಸೀಮೆಯೇ ಹೋಗುತ್ತದೆ.

ಮೂರನೆಯ ಬೆಳಗ್ಗೆ ಮೊದಲ ಬಸ್ಸು ಹಿಡಿದು ಹೊಸಪೇಟೆ ಮುಟ್ಟಿದ. ನೀಲಗಂಗಮ್ಮ ಇಳಿದುಕೊಂಡಿದ್ದ ಬಂಗಲೆಯ ಮುಂದೆ ಜೀಪು ಆಗಲೇ ಗುರುಗುಡುತ್ತಿತ್ತು. ಹೊನ್ನೂರಪ್ಪ ಅದರ ಮುಂದೆ ಕೈ ಅಡ್ಡ ಹಿಡಿದು ನಿಂತ. ಕಾಲುಗಳು ಎಷ್ಟು ನಡುಗುತ್ತಿದ್ದವೆಂದರೆ ಡ್ಯಾಮಿನಲ್ಲಿ ನೀರು ತುಳುಕಿತು.

“ಅವ್ವಾರ, ಅದು ಜೋಳ ಅಲ್ರಿ, ಭತ್ತ. ನನ್ನ ತಂಗಿ ಹೊಲ. ನೀರು ಬಿಟ್ಟಾಂವ ನಾನ.”

ನೀಲಗಂಗಮ್ಮ ಜೀಪಿನಿಂದ ಇಳಿದರು. ಆಮೇಲೆ ಚೀಲದಿಂದ ರಬ್ಬರು ತೆಗೆದು ಉಜ್ಜಿ, ಭತ್ತ ಎಂದು ಬರೆದರು. “ತಂಗಿ ಹೆಸರು ಬರಿಯಾಕ ಇದರಾಗ ಕಾಲಮ್ಮು ಇಲ್ರಿ. ಹೇಳಿದವರ ಸಹಿ ಮಾತ್ರ ಬೇಕು.”

ಸಹಿ ಮಾಡಿದ. ಮಾಡಿದ ಮೇಲೆ ಅಂಜಿಕೆ ಇನ್ನೂ ಜಾಸ್ತಿಯಾಯಿತು. ಆ ಹಾಳೆ ಯಾರ ಮೇಜಿಗೆ ಹೋಗುತ್ತದೋ ಬಲ್ಲವರಾರು?

ಏಪ್ರಿಲಿನಲ್ಲಿ ಅವನ ಹೆಸರಿಗೆ ಸರ್ಕಾರಿ ಕಂದು ಲಕೋಟೆ ಬಂತು. ಬಿಚ್ಚುವ ಎದೆ ಇರಲಿಲ್ಲ. ತಂಗಿಯ ಜೋಳದ ಗುಮ್ಮಿಯ ತಳಕ್ಕೆ ತುರುಕಿದ. ಹದಿನೆಂಟು ದಿನ ಕಚೇರಿಯ ಸೈಕಲ್ಲಿನ ಗಂಟೆ ಕೇಳಿದರೆ ಬಾಳೆ ತೋಟಕ್ಕೆ ನುಗ್ಗುತ್ತಿದ್ದ. ಹತ್ತೊಂಬತ್ತನೆಯ ದಿನ ಜೋಳ ಬಗೆಯುವಾಗ ಜಂಬವ್ವನ ಕೈಗೆ ಲಕೋಟೆ ಸಿಕ್ಕಿತು. ನಾಲ್ಕನೇ ಇಯತ್ತೆ ಓದಿದವಳು, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಅಣ್ಣ ಗೋಡೆ ಕಡೆ ಮುಖ ಮಾಡಿ ನಿಂತಿದ್ದ.

“ಆ ಚಿತ್ರದ ಅವ್ವಾರು ಬೆಳಿ ಸಮೀಕ್ಷೆ ಕೆಲಸಕ್ಕ ನಿನ್ನ ಕರದಾರೋ. ನಿಜ ಹೇಳೋ ಮನುಷ್ಯ ಬೇಕಂತ. ಅಯ್ಯೋ ಎಬಡ, ನಾಳೆ ಕಡೀ ದಿನ!”

ಹೋದ. ಒಂಬತ್ತು ವರ್ಷ ಚಿತ್ರದ ಸುರುಳಿ ಹೆಗಲಿಗೇರಿಸಿ ಕಂಪ್ಲಿಯಿಂದ ಸಂಡೂರಿನವರೆಗೆ ಬದು ಬದು ತುಳಿದ. ದೊಡ್ಡ ದೊಡ್ಡ ಓದಿದವರು ಅವನು ಬೆಳೆಯ ಹೆಸರು ಹೇಳಿದ ಮೇಲೆಯೇ ಪೆನ್ಸಿಲ್ ಎತ್ತುತ್ತಿದ್ದರು. ಹನ್ನೆರಡನೇ ತೂಬಿನ ಬಾಗಿಲು ಎರಡು ಬೆರಳು ಇಳಿಯಿತು. ಜಂಬವ್ವ ಮತ್ತೆ ಭತ್ತ ಹಚ್ಚಲಿಲ್ಲ. ಉಪಗ್ರಹ ಇಪ್ಪತ್ತೆರಡು ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆಂದು ಅಣ್ಣ ಹೇಳಿದ್ದಕ್ಕೆ, ಗೋಡೆಗೆ ಇದ್ದಲಿನ ಗೀಟು ಎಳೆದು ಎಣಿಸುತ್ತ, ಆ ದಿನ ಹೊಲಕ್ಕೇ ಹೋಗುತ್ತಿರಲಿಲ್ಲ.

ಹೊನ್ನೂರಪ್ಪ ಮಾತ್ರ ಕೆಲಸ ಬಿಡುವಂತಿರಲಿಲ್ಲವಲ್ಲ, ಆ ದಿನ ಛತ್ರಿ ಹಿಡಿದು ತಿರುಗುತ್ತಿದ್ದ. ಒಮ್ಮೆ ದಂಡೆಯ ಮೇಲೆ ಸಿಕ್ಕಾಗ ನಾನೇ ಛೇಡಿಸಿದೆ. “ಅದರ ಸಂಬಳಾನೇ ಉಣ್ತೀದಿ, ಅದಕ್ಕೇ ಕಾಣದಂಗ ಮಕ ಮುಚ್ಚತೀಯೇನಲೇ? ನಿನ್ನ ತಪ್ಪು ಆವತ್ತೇ ರಬ್ಬರಿನಾಗ ಹೋತಲ್ಲ!”

“ರಬ್ಬರು ಉಜ್ಜಿದ್ದು ಹಾಳಿ ಮ್ಯಾಲಿಂದು” ಎಂದ. ಅವನ ದನಿಯಲ್ಲಿ ನಗೆ ಇರಲಿಲ್ಲ. “ಚಿತ್ರದಾಗ ಆ ಚುಕ್ಕಿ ಇನ್ನೂ ಕೆಂಪಗೇ ಅದ.”

ಆಮೇಲೆ ಮೇಲೆ ನೋಡಿ, ಛತ್ರಿಯನ್ನು ನನ್ನ ಕಡೆ ಸ್ವಲ್ಪ ಸರಿಸಿದ.

“ನೀನೂ ಒಳಗ ಬಾ. ಹದಿನಾಕನೇ ತೂಬಿನ ಕೆಳಗ ಈ ವರ್ಷ ನೀ ಏನು ಹಚ್ಚೀದಿ, ನನಗ ಗೊತ್ತದ.”

ಆಕಾಶ ಒಂದು ಮೋಡವೂ ಇಲ್ಲದೆ ತೊಳೆದಿಟ್ಟಂತೆ ಇತ್ತು. ನಾನು ಛತ್ರಿಯ ಒಳಗೆ ಹೋದೆ.