ಉತ್ತರ ಕೇಳದ ಟೆಸ್ಟು

ಅಕ್ಕನ ಕನ್ನಡಕದ ಬಲಗಡೆಯ ಕಡ್ಡಿಗೆ ಆಸ್ಪತ್ರೆಯ ಬಿಳಿ ಪ್ಲಾಸ್ಟರು ಸುತ್ತಿರುತ್ತಿತ್ತು. ಅದು ಕೊಳೆಯಾದರೆ ಬಿಚ್ಚಿ ಹೊಸದು ಸುತ್ತುತ್ತಿದ್ದರೇ ಹೊರತು ಕನ್ನಡಕ ಬದಲಿಸುವ ಮಾತೇ ಇರಲಿಲ್ಲ. ಹಿಂದೂಪುರದಲ್ಲಿ ನಮ್ಮ ಆಫೀಸಿನ ಕೆಳಗೇ ಕನ್ನಡಕದ ಅಂಗಡಿಯಿದೆ. ಅಂಗಡಿಯವನು ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಆ ಪ್ಲಾಸ್ಟರನ್ನು ನೋಡಿ ಸಂಕಟಪಡುತ್ತಿದ್ದ. "ಕಣ್ಣು ಕಾಣ್ತದಲ್ಲಪ್ಪ, ಇನ್ನೇನು?" ಎಂದು ಹೇಳಿ ಅಕ್ಕ ಮೇಲೆ ಹತ್ತುತ್ತಿದ್ದರು.

ನಮ್ಮದು ಏಳೇ ಜನರ ಸಾಫ್ಟ್‌ವೇರ್ ಆಫೀಸು. ಸುತ್ತಮುತ್ತಲ ಸಣ್ಣ ಆಸ್ಪತ್ರೆಗಳಿಗೆ, ಕ್ಲಿನಿಕ್‌ಗಳಿಗೆ ಬೇಕಾದ ಪ್ರೋಗ್ರಾಂ ಬರೆಯುತ್ತೇವೆ. ರೋಗಿಯ ಹೆಸರು ದಾಖಲು ಮಾಡುವುದು, ಲ್ಯಾಬಿನ ರಿಪೋರ್ಟು ಕೊಡುವುದು, ಔಷಧಿ ಬಾಟಲಿಗೆ ಅಂಟಿಸುವ ಚೀಟಿ ಮುದ್ರಿಸುವುದು, ಇಂಥವು. ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವರು ಅಲ್ಲಿಗೆ ಬಂದದ್ದು ಕಂಪ್ಯೂಟರ್ ಓದಿಕೊಂಡಲ್ಲ. ಕಲ್ಯಾಣದುರ್ಗದ ಒಂದು ಮಕ್ಕಳ ಕ್ಲಿನಿಕ್‌ನಲ್ಲಿ ಹದಿನೈದು ವರ್ಷ ನರ್ಸ್ ಆಗಿದ್ದವರು. ನಮ್ಮ ಪ್ರೋಗ್ರಾಂ ಆ ಕ್ಲಿನಿಕ್‌ಗೆ ಹೋದ ದಿನದಿಂದ ವಾರಕ್ಕೆರಡು ಸಲ ಫೋನ್ ಮಾಡಿ, ಇದು ತಪ್ಪು, ಅದು ತಪ್ಪು ಎಂದು ಬೈಯುತ್ತಿದ್ದರಂತೆ. ಒಂದೂ ಸುಳ್ಳು ದೂರಲ್ಲ. ಕೊನೆಗೆ ನಮ್ಮ ಸರ್, ಅಂದರೆ ಆಫೀಸಿನ ಯಜಮಾನರು, "ಫೋನಲ್ಲಿ ಬಿಟ್ಟಿ ಬೈಯೋ ಬದ್ಲು ಸಂಬಳ ತಗೊಂಡು ಇಲ್ಲೇ ಬಂದು ಬೈಯಮ್ಮ" ಎಂದರು. ಅಕ್ಕ ಬಂದೇಬಿಟ್ಟರು. ವಾರವೆಲ್ಲ ಹಿಂದೂಪುರದ ಬಾಡಿಗೆ ರೂಮಿನಲ್ಲಿದ್ದು, ಶನಿವಾರ ಸಂಜೆ ಕಲ್ಯಾಣದುರ್ಗದ ಬಸ್ಸು ಹತ್ತುತ್ತಿದ್ದರು. ನಲವತ್ತು ದಾಟಿದ ಮೇಲೆ ಕೋಡ್ ಬರೆಯುವುದನ್ನು ಕಲಿತರು. ನಿಧಾನ, ಆದರೆ ಕಲಿತದ್ದು ಮರೆಯುತ್ತಿರಲಿಲ್ಲ. ಇಂಜಿನಿಯರಿಂಗ್ ಮಾಡಿ ಬಂದ ನಾವು ಒಳಗೊಳಗೇ ನಗುತ್ತಿದ್ದೆವು. ಆ ನಗು ಆರು ತಿಂಗಳೂ ಬಾಳಲಿಲ್ಲ.

ಅವರು ತಂದ ಮೊದಲ ಪದ್ಧತಿ ಓದಿ ಹೇಳುವುದು. ಕ್ಲಿನಿಕ್‌ನಲ್ಲಿ ಮಗುವಿಗೆ ಇಂಜೆಕ್ಷನ್ ಕೊಡುವ ಮುಂಚೆ ಒಬ್ಬ ನರ್ಸ್ ಚೀಟಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಔಷಧಿ ನೋಡಿ ಹೂಂಗುಡಬೇಕು. ನಮ್ಮಲ್ಲೂ ಹಾಗೇ ಆಯಿತು. ಯಾರೇ ಕೋಡ್ ಬದಲಿಸಿ ರಿವ್ಯೂಗೆ, ಅಂದರೆ ಬೇರೆಯವರ ತಪಾಸಣೆಗೆ, ಕಳಿಸಿದರೂ, ಇನ್ನೊಬ್ಬರ ಪಕ್ಕ ಕೂತು ಸಾಲು ಸಾಲಾಗಿ ಕನ್ನಡದಲ್ಲೋ ತೆಲುಗಿನಲ್ಲೋ ಓದಿ ಹೇಳಬೇಕು. "ತೂಕ ಹತ್ತು ಕೇಜಿಗಿಂತ ಕಮ್ಮಿ ಇದ್ರೆ ಇದು ಮಾಡು, ಇಲ್ದಿದ್ರೆ ಅದು ಮಾಡು" ಎಂದು ಓದುತ್ತಾ ಹೋದಂತೆ ನಮ್ಮ ಪೆದ್ದುತನ ನಮ್ಮ ಕಿವಿಗೇ ಬೀಳುತ್ತಿತ್ತು. ನನಗಂತೂ ನಾಚಿಕೆಯಾಗುತ್ತಿತ್ತು, ಬಾಲವಾಡಿಗೆ ಸೇರಿದ ಹಾಗೆ.

ಎರಡನೆಯದು ವರದಿ. ಬರೆದ ಕೋಡ್ ಸರಿಯಿದೆಯೋ ಇಲ್ಲವೋ ನೋಡಲು ಸಣ್ಣ ಸಣ್ಣ ಟೆಸ್ಟುಗಳನ್ನು ನಾವೇ ಬರೆಯುತ್ತೇವೆ. ಟೆಸ್ಟು ಓಡಿದಾಗ ಕೋಡಿನ ಯಾವ ಸಾಲುಗಳ ಮೇಲೆ ಹಾದುಹೋಯಿತು, ಯಾವುವನ್ನು ಮುಟ್ಟಲೇ ಇಲ್ಲ ಎಂದು ಲೆಕ್ಕ ಹಾಕುವುದಕ್ಕೆ ಕವರೇಜ್ ಎನ್ನುತ್ತಾರೆ. ಆ ಲೆಕ್ಕವನ್ನು ಯಾರಾದರೂ ನೆನಪಾದಾಗ ಹಾಕುತ್ತಿದ್ದೆವು, ಎಂದರೆ ಹಾಕುತ್ತಿರಲಿಲ್ಲ. ಅಕ್ಕ ಒಂದೂವರೆ ತಿಂಗಳು ಒದ್ದಾಡಿ ಅದನ್ನು ತಾನಾಗಿಯೇ ಆಗುವಂತೆ ಮಾಡಿದರು. ಯಾರು ಏನು ಬದಲಿಸಿ ರಿವ್ಯೂಗೆ ಕಳಿಸಿದರೂ ಎರಡು ನಿಮಿಷದಲ್ಲಿ ಅದರ ಕೆಳಗೆ ವರದಿ ಬಂದು ಕೂರುತ್ತಿತ್ತು. ಅದೂ ಕನ್ನಡದಲ್ಲಿ. "ಬದಲಾದ ಸಾಲು ಇಷ್ಟು. ಟೆಸ್ಟು ಹಾದುಹೋದದ್ದು ಇಷ್ಟು. ಹಾದುಹೋಗದ ಸಾಲುಗಳು ಇವು." ತೆಲುಗಿನವರು ಗೊಣಗಿದ ಮೇಲೆ ಕೆಳಗೆ ತೆಲುಗನ್ನೂ ಸೇರಿಸಿದರು. ನೂರಕ್ಕೆ ಎಂಬತ್ತು ದಾಟದಿದ್ದರೆ ಬದಲಾವಣೆ ಪ್ರೋಗ್ರಾಂ ಒಳಗೆ ಹೋಗುವಂತಿಲ್ಲ.

"ಇದನ್ನೇ ನಂಬ್ಕೊಂಡು ಕೂರ್ಬೇಡ್ರಿ" ಎಂದು ಮೊದಲ ದಿನವೇ ಅವರೇ ಹೇಳಿದ್ದರು. "ಆಯಾ ವಾರ್ಡೆಲ್ಲಾ ಸುತ್ಕೊಂಡು ಬಂದ್ಳು ಅಂದ್ರೆ ಒಂದೊಂದ್ ಹಾಸ್ಗೆ ತಾವೂ ನಿಂತು ನೋಡವ್ಳೆ ಅಂತಲ್ಲ. ನಡ್ಕೊಂಡ್ ಬಂದವ್ಳೆ ಅಂತ ಅಷ್ಟೇ."

ನಾವು ತಲೆಯಾಡಿಸಿದೆವು. ತಲೆಯಾಡಿಸುವುದಕ್ಕೆ ಖರ್ಚೇನಿದೆ?

ನನಗೂ ಆ ವರದಿಗೂ ಮೊದಲಿನಿಂದ ಆಗಿಬರುತ್ತಿರಲಿಲ್ಲ. ನಾನು ಬೇಗ ಬರೆಯುವವಳು, ಟೆಸ್ಟು ಬರೆಯಲು ಬೇಜಾರು. ಅದು ಎಪ್ಪತ್ತು, ಅರವತ್ತೈದು ಎಂದು ತೋರಿಸಿದಾಗೆಲ್ಲ, ನಿಮ್ಮ ಲೆಕ್ಕವೇ ಸರಿಯಿಲ್ಲ ಅಕ್ಕ ಎಂದು ಜಗಳಕ್ಕೆ ಹೋಗುತ್ತಿದ್ದೆ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎನ್ನುತ್ತಾ ಅಕ್ಕ ತಮ್ಮ ಡಬ್ಬಿಯಿಂದ ಕಡ್ಲೆಬೀಜದ ಚಟ್ನಿಪುಡಿಯನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು. ಜಗಳಕ್ಕೂ ಚಟ್ನಿಪುಡಿಗೂ ಅವರಲ್ಲಿ ಸಂಬಂಧವಿರಲಿಲ್ಲ.

ಹೀಗಿರುವಾಗ ಕಲ್ಯಾಣದುರ್ಗದ ಅದೇ ಕ್ಲಿನಿಕ್‌ನಿಂದ ಒಂದು ಬೇಡಿಕೆ ಬಂತು. ಡೋಸು ಲೆಕ್ಕ ಹಾಕಲು ಮಗುವಿನ ತೂಕ ತುಂಬುವ ಜಾಗದಲ್ಲಿ ಅಲ್ಲಿಯವರು ಅಂಕಿಯ ಜೊತೆ "ಕೆಜಿ" ಎಂದೂ ಒತ್ತಿಬಿಡುತ್ತಿದ್ದರು, ಪ್ರೋಗ್ರಾಂ ನಿಂತುಹೋಗುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ನನ್ನದು. ತುಂಬಿದ್ದರಲ್ಲಿ ಅಂಕಿಯಲ್ಲದ್ದನ್ನೆಲ್ಲ ಅಳಿಸಿಹಾಕುವ ಹಾಗೆ ಬರೆದೆ. ಜೊತೆಗೆ ಚೀಟಿಯ ಇನ್ನೊಂದೆರಡು ಕಡೆ ಕೈಯಾಡಿಸಿದೆ. ಕಳಿಸಿದ ಎರಡು ನಿಮಿಷಕ್ಕೆ ವರದಿ ಬಂತು: ಬದಲಾದ ಸಾಲು ನಲವತ್ತೆಂಟು, ಹಾದುಹೋದದ್ದು ಇಪ್ಪತ್ತೈದು, ಶೇಕಡಾ ಐವತ್ತೆರಡು.

ಜ್ವರದ ಸೀಸನ್, ಕ್ಲಿನಿಕ್‌ನವರು ಅವಸರ ಮಾಡುತ್ತಿದ್ದರು. ಅಕ್ಕ ಎರಡು ದಿನ ರಜೆಯಲ್ಲಿದ್ದರು. ನಾನು ಕೂತು ಹದಿನಾಲ್ಕು ಟೆಸ್ಟು ಬರೆದೆ. ಪ್ರತಿಯೊಂದೂ ನನ್ನ ಕೋಡನ್ನು ಕರೆಯುತ್ತಿತ್ತು, ಓಡಿಸುತ್ತಿತ್ತು, ಅಷ್ಟೇ. ಬಂದ ಉತ್ತರ ಸರಿಯಿದೆಯೇ ಎಂದು ಒಂದೂ ಕೇಳುತ್ತಿರಲಿಲ್ಲ. ಕೇಳದಿದ್ದ ಮೇಲೆ ತಪ್ಪುವುದಾದರೂ ಹೇಗೆ? ಹದಿನಾಲ್ಕೂ ಪಾಸು. ವರದಿ ತೊಂಬತ್ತಾರಕ್ಕೆ ಏರಿತು. ಇದು ಮೋಸ ಎಂದು ನನಗೆ ಗೊತ್ತಿತ್ತು. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡೆ.

ರಜೆ ಮುಗಿಸಿ ಬಂದ ಅಕ್ಕನ ಮುಂದೆ ಹನ್ನೊಂದು ಬದಲಾವಣೆಗಳು ಕಾದಿದ್ದವು. ನನ್ನದನ್ನು ತೆರೆದರು. "ಪರವಾಗಿಲ್ವೇ, ತೊಂಬತ್ತಾರು! ಬುದ್ಧಿ ಬಂತು ನಿಂಗೆ" ಎಂದರು. ಓದಿ ಹೇಳು ಎನ್ನಲಿಲ್ಲ. ಒಪ್ಪಿಗೆ ಒತ್ತಿದರು.

ಮಾರನೆಯ ದಿನ ಹತ್ತೂವರೆಗೆ ಕ್ಲಿನಿಕ್‌ನ ನರ್ಸ್ ಫೋನ್ ಮಾಡಿದಳು. ಹಿಂದೆ ಅಕ್ಕನ ಕೈಕೆಳಗೆ ಕೆಲಸ ಕಲಿತವಳು. ಪುಟ್ಟ ಕೂಸಿಗೆ ಜ್ವರದ ಸಿರಪ್ ಇಪ್ಪತ್ತು ಎಂ.ಎಲ್. ಎಂದು ಚೀಟಿ ಬಂದಿದೆ, ಐದು ಇರಬೇಕಿತ್ತು, ಕೊಡದೆ ಇಟ್ಟುಕೊಂಡಿದ್ದೇನೆ ಎಂದಳು. ಅಕ್ಕ ಫೋನ್ ಹಿಡಿದುಕೊಂಡೇ ನನ್ನ ಕೋಡ್ ತೆರೆದು ಮೊದಲ ಸಲ ಓದಿದರು. ಅಂಕಿಯಲ್ಲದ್ದನ್ನೆಲ್ಲ ಅಳಿಸು ಎಂದಿದ್ದೆನಲ್ಲ, ಅದರಲ್ಲಿ ದಶಾಂಶದ ಚುಕ್ಕೆಯೂ ಅಳಿಸಿಹೋಗಿತ್ತು. ಒಂಬತ್ತೂವರೆ ಕೆಜಿಯ ಕೂಸು ತೊಂಬತ್ತೈದು ಕೆಜಿಯಾಗಿ, ದೊಡ್ಡವರ ಡೋಸು ಮುದ್ರಣವಾಗಿತ್ತು. "ಬೆಳಿಗ್ಗೆಯಿಂದ ಎಷ್ಟು ಚೀಟಿ ಹೋಗವೆ?" ಎಂದು ಕೇಳಿದರು. ಚುಕ್ಕೆಯಿದ್ದ ತೂಕ ಇನ್ನೊಂದೇ. ಕುಂದುರ್ಪಿ ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ತೋರಿಸಿ, ಸಿರಪ್ ತೆಗೆದುಕೊಂಡು ಆಗಲೇ ಬಸ್ಸು ಹತ್ತಿದ್ದರು. ಕೊಟ್ಟಿದ್ದ ನಂಬರು ಮಗುವಿನ ಅಪ್ಪನದು. ಅವನು ಕುರಿ ಹೊಡೆದುಕೊಂಡು ಹೋಗಿದ್ದ, ಫೋನ್ ಸ್ವಿಚ್ ಆಫ್.

ಅಕ್ಕನ ದನಿ ಏರಲಿಲ್ಲ. "ಹಳೇದನ್ನ ವಾಪಸ್ ಹಾಕು, ಈಗ್ಲೇ" ಎಂದು ನನಗೆ ಹೇಳಿ, ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಟೀ ಅಂಗಡಿಗೆ ಫೋನ್ ಮಾಡಿದರು. ಅಲ್ಲಿಂದ ಕುಂದುರ್ಪಿ ಬಸ್ಸಿನ ಕಂಡಕ್ಟರ್ ನಂಬರು ಸಿಕ್ಕಿತು. ಬಸ್ಸು ಆಗಲೇ ಕುಂದುರ್ಪಿ ಮುಟ್ಟಿ ಜನ ಇಳಿದಾಗಿತ್ತು. ಅಜ್ಜಿ ಇನ್ನೂ ಆಟೋ ಕಾಯುತ್ತಾ ನಿಂತಿದ್ದಾರೆ, ಅದೇ ಬಸ್ಸಿನಲ್ಲಿ ವಾಪಸ್ ಕರೆತರುತ್ತೇನೆ ಎಂದ ಕಂಡಕ್ಟರ್. ಅಕ್ಕ "ಕುಡಿಸವ್ರಾ ಕೇಳಪ್ಪ" ಎಂದರು. ಉತ್ತರ ಕೇಳಿಸಿಕೊಂಡು ಫೋನ್ ಇಟ್ಟರು. ಬಸ್ಸಿನಲ್ಲೇ ಒಂದು ಸಲ ಕುಡಿಸಿಯಾಗಿತ್ತು.

ಇಬ್ಬರೂ ಬಾಡಿಗೆ ಕಾರಿನಲ್ಲಿ ಕಲ್ಯಾಣದುರ್ಗಕ್ಕೆ ಹೊರಟೆವು. "ನಂದೇ ತಪ್ಪು" ಎಂದರು ಅಕ್ಕ, ಊರು ದಾಟುವ ಮುಂಚೆಯೇ. "ನಂಬರ್ ನೋಡಿ ಓದ್ದೇನೆ ಒಪ್ಕೊಂಡ್ಬುಟ್ಟೆ. ಹದಿನೈದು ವರ್ಷದಾಗೆ ಒಂದ್ ದಿನಾನೂ ಚೀಟಿ ಓದ್ದೆ ಕೊಟ್ಟೋಳಲ್ಲ ನಾನು."

ಸುಮ್ಮನಿದ್ದಿದ್ದರೆ ತಪ್ಪು ಅವರ ಹೆಸರಿನಲ್ಲೇ ಉಳಿಯುತ್ತಿತ್ತು. ಟೆಸ್ಟುಗಳನ್ನು ಯಾರೂ ತೆರೆದು ನೋಡಿರಲಿಲ್ಲ. ಸಂಜೆಯೊಳಗೆ ನಾನೇ ಸದ್ದಿಲ್ಲದೆ ಬದಲಿಸಿಬಿಡಬಹುದಿತ್ತು. ಈ ಯೋಚನೆ ನನಗೆ ಬಂತು ಎನ್ನುವುದನ್ನು ಇಲ್ಲಿ ಬರೆಯಲೇಬೇಕು. ಸೋಮಂದೇಪಲ್ಲಿ ಬರುವವರೆಗೂ ಅದೇ ಯೋಚನೆಯಲ್ಲಿದ್ದೆ. ದಾಟಿದ ಮೇಲೆ ಹೇಳಿದೆ.

"ಎಷ್ಟು ಟೆಸ್ಟು?"

"ಹದಿನಾಲ್ಕು ಅಕ್ಕ."

"ಒಂದ್ರಾಗೂ ಕೇಳ್ಲಿಲ್ವಾ, ಉತ್ರ ಏನ್ ಬಂತು ಅಂತ?"

"ಇಲ್ಲ."

ಅಕ್ಕ ಕಿಟಕಿಯ ಕಡೆ ತಿರುಗಿದರು. ಅವರು ಬೈಯುವುದನ್ನು ಎಷ್ಟೋ ಸಲ ಕೇಳಿದ್ದೆ. ಅವತ್ತು ಬೈದಿದ್ದರೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇರುತ್ತಿರಲಿಲ್ಲ.

ಕ್ಲಿನಿಕ್‌ನಲ್ಲಿ ಡಾಕ್ಟರು ಆಗಲೇ ಮಗುವನ್ನು ನೋಡಿ, ರಕ್ತ ತೆಗೆಸಿ, ಸಂಜೆಯವರೆಗೂ ಇಲ್ಲೇ ಇರಲಿ ಎಂದಿದ್ದರು. ಕೂಸು ಅಜ್ಜಿಯ ತೊಡೆಯ ಮೇಲೆ ಮಲಗಿ ಕೈಬೆರಳು ಚೀಪುತ್ತಿತ್ತು. ಅಕ್ಕನೇ ಮಾತಾಡುತ್ತಾರೆ ಎಂದು ಹಿಂದೆ ನಿಂತೆ. ಅವರು ಪಕ್ಕಕ್ಕೆ ಸರಿದು, "ನೀನೇ ಹೇಳಮ್ಮ" ಎಂದರು.

ಹೇಳಿದೆ. ಚೀಟಿ ಬರೆಯುವ ಯಂತ್ರಕ್ಕೆ ಬುದ್ಧಿ ಹೇಳುವ ಕೆಲಸ ನನ್ನದು, ನಾನು ಸರಿಯಾಗಿ ನೋಡದೆ ಬಿಟ್ಟೆ, ಅದಕ್ಕೇ ನಾಲ್ಕರಷ್ಟು ಬರೆದುಕೊಟ್ಟಿತು ಎಂದೆ.

ಅಜ್ಜಿ ನನ್ನನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದರು. "ನಾಲ್ಕು ಮುಚ್ಚಳ ಅಂದ್ರಲ್ಲಾಂತ ಕುಡಿಸ್ದೆ ಕಣಮ್ಮ. ಎಲ್ಡು ಹೋಯ್ತು, ಮೂರ್ನೇದಕ್ಕೆ ಎಲ್ಲಾ ಕಕ್ಕಿಬುಟ್ಟ. ಯಾಕ್ಲಾ ಔಷ್ದಿ ದಂಡ ಮಾಡ್ತೀಯ ಅಂತ ಕೂಸಿನ್ ಬೆನ್ಮ್ಯಾಕೆ ಒಂದು ಕೊಟ್ಟೆ." ಮಗುವಿನ ಬೆನ್ನು ಸವರಿದರು. "ನಿಮ್ ಮಾತ್ ಕಟ್ಕೊಂಡು ಕೂಸಿಗ್ ಹೊಡದ್ಬುಟ್ನಲ್ಲಮ್ಮಾ."

ಅವರ ಪಕ್ಕದಲ್ಲೇ ಕೂತೆ. ಸಂಜೆ ರಕ್ತದ ರಿಪೋರ್ಟು ಚೆನ್ನಾಗಿ ಬಂದು, ಕೂಸು ಎದ್ದು ಹಾಲು ಕುಡಿದು, ನನ್ನ ಓಲೆಗೆ ಕೈ ಹಾಕುವವರೆಗೂ ಏಳಲಿಲ್ಲ.

ಮಾರನೆಯ ದಿನ ನೋಡಿದರೆ, ನನ್ನ ಆ ಬದಲಾವಣೆಯ ಕೆಳಗೆ ಅಕ್ಕ ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದರು: "ಓದದೆ ಒಪ್ಪಿಗೆ ಕೊಟ್ಟವಳು ನಾನು." ನನ್ನ ಟೆಸ್ಟುಗಳ ಬಗ್ಗೆ ಒಂದಕ್ಷರವಿಲ್ಲ. ಅದರ ಕೆಳಗೆ ನನ್ನ ಪಾಲನ್ನು ನಾನೇ ಬರೆದೆ. ನನ್ನನ್ನು ಡೋಸಿನ ಕೆಲಸದಿಂದ ತೆಗೆಯಬೇಕೆಂದು ಸರ್ ಹೇಳಿದರು, ತಪ್ಪೇನಿಲ್ಲ. ಅಕ್ಕ ಒಪ್ಪಲಿಲ್ಲ. "ಅವ್ಳೇ ಮಾಡ್ಲಿ ಸರ್. ಹಳ್ಳ ಎಲ್ಲೈತೆ ಅಂತ ಬಿದ್ದೋಳಿಗೆ ಗೊತ್ತಿರ್ತದೆ" ಎಂದರು. ಆಮೇಲೆ ನನ್ನನ್ನು ಕೂರಿಸಿಕೊಂಡು ವರದಿಗೆ ಒಂದು ಸಾಲು ಸೇರಿಸಿದರು. ಕೋಡನ್ನು ಓಡಿಸಿ ಉತ್ತರವನ್ನೇ ಕೇಳದ ಟೆಸ್ಟುಗಳನ್ನು ಅದು ಹುಡುಕಿ ಹೇಳಬೇಕು. ನಾನು ಎಷ್ಟೆಷ್ಟು ಬಗೆಯಲ್ಲಿ ಮೋಸ ಮಾಡಬಲ್ಲೆ ಎಂದು ಕೇಳಿ ಕೇಳಿ ಪಟ್ಟಿ ಮಾಡಿದರು. ಇದಕ್ಕಿಂತ ದೊಡ್ಡ ಶಿಕ್ಷೆಯೂ ಇಲ್ಲ, ಇದಕ್ಕಿಂತ ದೊಡ್ಡ ಪಾಠವೂ ಇಲ್ಲ.

ಆಮೇಲೆ ನಾಲ್ಕು ವರ್ಷ ಅವರ ಪಕ್ಕದ ಮೇಜಿನಲ್ಲೇ ಕೆಲಸ ಮಾಡಿದೆ. ಆ ದಿನದ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ, ಚುಚ್ಚಲೂ ಇಲ್ಲ. ಹೋದ ವರ್ಷ ಒಂದು ಶನಿವಾರ ಊರಿಗೆ ಹೊರಡುವಾಗ, ಸ್ವಲ್ಪ ದಿನ ರಜೆ ಬೇಕು ಎಂದರು. ಎಷ್ಟು ದಿನ ಅಕ್ಕ ಎಂದರೆ, "ನೋಡ್ಬೇಕು ಕಣಮ್ಮ, ಡಾಕ್ಟ್ರು ಏನಂತಾರೋ" ಎಂದರು. ಅವರಿಗೆ ಎಲ್ಲ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಎರಡು ತಿಂಗಳೂ ತುಂಬಲಿಲ್ಲ, ಕಲ್ಯಾಣದುರ್ಗದಲ್ಲೇ ತೀರಿಕೊಂಡರು. ಮಣ್ಣಿಗೆ ನಾವೆಲ್ಲ ಹೋಗಿದ್ದೆವು.

ಆ ವರದಿಯನ್ನು ಅಕ್ಕ ಆಫೀಸಿನ ಕಂಪ್ಯೂಟರಿನಲ್ಲಿದ್ದ ತಮ್ಮ ಸ್ವಂತ ಖಾತೆಯಿಂದಲೇ ಓಡಿಸುತ್ತಿದ್ದರು. ಹಾಗಾಗಿ ಅವರು ಹೋದ ಮೇಲೂ ದಿನಕ್ಕೆ ಹತ್ತು ಸಲ ಅವರ ಹೆಸರಿನಲ್ಲಿ, ಪಕ್ಕದಲ್ಲಿ ಅವರ ಫೋಟೋದೊಂದಿಗೆ, ವರದಿ ಬರುತ್ತಲೇ ಇತ್ತು. ತೀರಿಕೊಂಡವರ ಖಾತೆಯನ್ನು ಮುಚ್ಚಲೇಬೇಕು, ವರದಿಯನ್ನು ಆಫೀಸಿನ ಹೆಸರಿಗೆ ಬದಲಿಸು ಎಂದು ಸರ್ ನನಗೆ ಹೇಳಿದರು. ಒಂದು ವಾರ ಮುಂದಕ್ಕೆ ಹಾಕಿದೆ. ಸೋಮವಾರ ಬೆಳಿಗ್ಗೆ ಕೂತು ಅವರ ಹೆಸರು ತೆಗೆದೆ, ಅದಕ್ಕೆ ಬೇಕಾದ ಟೆಸ್ಟು ಬರೆದೆ, ರಿವ್ಯೂಗೆ ಕಳಿಸಿದೆ. ಬದಲಾವಣೆ ಇನ್ನೂ ಒಳಗೆ ಹೋಗಿರಲಿಲ್ಲವಾದ್ದರಿಂದ ಅದರ ವರದಿಯೂ ಅವರ ಹೆಸರಿನಲ್ಲೇ ಬಂತು.

"ಬದಲಾದ ಸಾಲು ಆರು. ಟೆಸ್ಟು ಹಾದುಹೋದದ್ದು ಆರು. ಉತ್ತರ ಕೇಳದ ಟೆಸ್ಟು ಒಂದೂ ಇಲ್ಲ."

ಅಕ್ಕ ನನಗೆ ಹೇಳಿದ ಕೊನೆಯ ಮಾತು ಅದು.