ಅಂಕೋಲೆಗೇ ನಿಂತ ಮೊದಲ ದಿನ

ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಸಿಂಧನೂರಿಗೆ ಮರಳಿದ್ದು ಕಾಲುವೆಗೆ ನೀರು ಬಂದ ಹೊಸದರಲ್ಲಿ. ಸೈಕಲ್ ತುಳಿಯುವುದನ್ನು ಅಲ್ಲಿನ ಹಾಸ್ಟೆಲಿನಲ್ಲಿ ಕಲಿತಿದ್ದೆ. ಅಣ್ಣ ಲಿಂಗಸುಗೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದ. ಆ ಚಳಿಗಾಲದ ರಜೆಯಲ್ಲಿ ಸೈಕಲ್‌ಗಳನ್ನು ಮೋಟಾರು ಬಸ್ಸಿನ ಮೇಲೆ ಹೇರಿಕೊಂಡು ಕಾರವಾರಕ್ಕೆ ಹೋಗಿ, ಅಲ್ಲಿಂದ ಸಮುದ್ರದ ದಂಡೆಗುಂಟ ದಕ್ಷಿಣಕ್ಕೆ ಸವಾರಿ ಮಾಡಬೇಕೆಂದು ಇಬ್ಬರೂ ಗೊತ್ತುಮಾಡಿಕೊಂಡೆವು. ನಮ್ಮ ಮನೆಯಲ್ಲಿ ಸಮುದ್ರವನ್ನು ಯಾರೂ ನೋಡಿರಲಿಲ್ಲ.

ಅಣ್ಣನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹುಡುಗಿ ನಾನು, ನನಗೆ ಬೇಕಿತ್ತು. ಅಪ್ಪ ಹೊಣೆಯನ್ನು ತನ್ನ ಮೇಲೆ ಹಾಕಿಕೊಳ್ಳದೆ, “ಮಸ್ಕ್ಯಾಗ ನಿಮ್ಮತ್ತಿ ಹ್ಞೂಂ ಅಂದ್ರ ನಂದೂ ಹ್ಞೂಂ” ಎಂದುಬಿಟ್ಟ. ಅತ್ತೆ ಅಪ್ಪನ ಅಕ್ಕ. ಓದುಬರಹ ಬಾರದು. ಹದಿಮೂರು ಸಲ ಶ್ರೀಶೈಲಕ್ಕೆ ನಡೆದು ಹೋಗಿಬಂದವಳು. ದಾರಿಯ ವಿಷಯ ಬಂದರೆ ನಮ್ಮ ಮನೆತನದಲ್ಲಿ ಅವಳದೇ ಕೊನೆಯ ಮಾತು.

ಒಂದು ರವಿವಾರ ಅಣ್ಣ ಲಿಂಗಸುಗೂರಿನಿಂದ, ನಾನು ಸಿಂಧನೂರಿನಿಂದ ಸೈಕಲ್ ತುಳಿದು ನಡುವಿನ ಮಸ್ಕಿಗೆ ಬಂದು, ಅತ್ತೆಯ ಪಡಸಾಲೆಯಲ್ಲಿ ನಕಾಶೆ ಹಾಸಿದೆವು. ಅವಳು ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದಳು.

ಮೊದಲ ದಿನ ಹಗುರವಾಗಿರಬೇಕೆಂಬುದು ನಮಗೂ ಗೊತ್ತಿತ್ತು. ಆದರೂ ಕಾರವಾರದಿಂದ ಗೋಕರ್ಣದವರೆಗೆ ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆವು. ಶಿವನ ಕ್ಷೇತ್ರದ ಹೆಸರು ಕೇಳಿದರೆ ಅತ್ತೆ ಇಲ್ಲವೆನ್ನಲಾರಳು ಎಂಬುದು ಅಣ್ಣನ ಎಣಿಕೆ. ನಕಾಶೆಯ ರಸ್ತೆಯ ಮೇಲೆ ಹೊಲಿಗೆಯ ದಾರ ಇಟ್ಟು ನಾನು ಅಳೆದಿದ್ದೆ. ಹೆಚ್ಚುಕಡಿಮೆ ಸಿಂಧನೂರಿನಿಂದ ಲಿಂಗಸುಗೂರಿಗಾಗುವಷ್ಟು ದೂರ.

“ಮೊದಲನೇ ದಿನಾನೇ ಗೋಕರ್ಣ, ಅತ್ತಿ. ನಿನ್ನ ಹೆಸರಿಲೆ ಕಾಯಿ ಒಡಸ್ತೀವಿ” ಎಂದ ಅಣ್ಣ.

“ಕಾಯಿ ತೋರಿಸಿ ನನ್ನ ಮರಳು ಮಾಡಬ್ಯಾಡ, ಅಳಿಯಾ. ದಾರಿ ತೋರಸು.”

ಅವಳ ಬೆರಳನ್ನು ಅಣ್ಣ ಕಾರವಾರದ ಮೇಲಿಟ್ಟ. ಬೆರಳು ಕೆಳಗಿಳಿಯಿತು.

“ನೀರು ಯಾವ ಕೈಗೆ ಬರ್ತದ?”

“ಬಲಗೈಗೆ” ಎಂದೆ.

“ಹಂಗಾರ ಹೊತ್ತು ಮುಳುಗೋದು ನೀರಾಗ. ಇಳಿಹೊತ್ತಿನ್ಯಾಗ ಕಣ್ಣು ಬಿಡಾಕ ಆಗಂಗಿಲ್ಲ. ಹೊಸ ಕಾಲಿವಿ ದಂಡಿಮ್ಯಾಲೆ ನಿಂತು ನೋಡಿಲ್ಲೇನು? ನಸುಕಿನ್ಯಾಗ ಬಿಡ್ರಿ, ಮಧ್ಯಾಹ್ನಕ್ಕ ಮುಟ್ರಿ.”

ಬರೆದುಕೊಂಡೆ. ಎಂದೂ ಕಾಣದ ಸಮುದ್ರದ ಮೇಲಿನ ಬಿಸಿಲು ಅವಳಿಗೆ ಮಸ್ಕಿಯಲ್ಲಿ ಕೂತೇ ಕಂಡಿತ್ತು. ಅಷ್ಟರಲ್ಲಿ ಬೆರಳು ಅಂಕೋಲೆ ದಾಟಿ ನಿಂತಿತು.

“ಇಲ್ಲಿ ಗೆರಿ ಕಡದದಲ್ಲ?”

“ಅದು ಅಚ್ಚಿನ ತಪ್ಪು ಅತ್ತಿ.” ನಾನು ಅದನ್ನು ಮೊದಲೇ ನೋಡಿದ್ದೆ. ದಾರವನ್ನು ಅದರ ಮೇಲೆ ಸುಮ್ಮನೆ ದಾಟಿಸಿದ್ದೆ.

“ಅಡ್ಡ ಏನದ?”

ಬಗ್ಗಿ ನೋಡಿದೆ. ಸಣ್ಣದೊಂದು ನೀಲಿ ಎಳೆ. ಪಕ್ಕದಲ್ಲಿ ಗಂಗಾವಳಿ ಎಂದು ಬರೆದಿತ್ತು.

“ದಾರಿ ಸುಮ್ಮನ ಕಡಿಯಂಗಿಲ್ಲ ಬೇ. ಹೊಳಿ ಅದ, ಸೇತುವಿ ಇಲ್ಲ. ಅಂಬಿಗ ಆಚಿ ದಂಡಿಗಿದ್ದ ಅಂದ್ರ ಕತ್ತಲಾಗೋತನ ಕೂಗಿಕೋತ ಕುಂದರಬೇಕು. ಹೊಳಿ ದಾಟೋದು ಮುಂಜಾನಿ ಕೆಲಸ.”

ನಕಾಶೆ ಓದಲು ಕಲಿತವಳು ನಾನು. ಎಷ್ಟು ಮೈಲಿ ಎಂಬುದೊಂದನ್ನೇ ನೋಡಿದ್ದೆ.

ಅತ್ತೆ ಈಗ ನನ್ನತ್ತ ತಿರುಗಿದಳು. ಬಂದಾಗಿನಿಂದ ನಾನು ಕಂಬಕ್ಕೆ ಒರಗಿ ನಿಂತೇ ಇದ್ದೆ.

“ಇವತ್ತ ಮಸ್ಕಿಗೆ ಬಂದೀದಿ. ಈಗಿಂದೀಗ ಲಿಂಗಸೂರಿಗೆ ನಡಿ ಅಂದ್ರ ತುಳಿತೀಯೇನು?”

ಅಣ್ಣ ಹ್ಞೂಂ ಅನ್ನೆಂದು ಕಣ್ಣುಸನ್ನೆ ಮಾಡಿದ. ಅವಳ ಎದುರು ಸುಳ್ಳು ಹೇಳಲು ನನಗೆ ನಾಲಿಗೆ ಏಳಲಿಲ್ಲ.

“ಇಲ್ಲತ್ತಿ. ತೊಡಿ ಬಿಗದಾವ.”

ಇಲ್ಲಿಗೆ ನನ್ನ ಪ್ರಯಾಣ ಮುಗಿಯಿತೆಂದೇ ತಿಳಿದೆ. ಅತ್ತೆ ಮೊರ ಕೇರಿ ಹೊಟ್ಟು ಹಾರಿಸಿದಳು.

“ಹೊಳಿಗಿಂತ ಮೊದಲ ಯಾ ಊರದ?”

“ಅಂಕೋಲೆ. ಸಿಂಧನೂರಿಗೆ ಮಸ್ಕಿ ಇದ್ದಂಗ.”

“ಅಲ್ಲೇ ಇಳೀರಿ. ಗೋಕರ್ಣದ ದೇವರು ಎಲ್ಲಿಗೂ ಹೋಗಂಗಿಲ್ಲ.” ಆಮೇಲೆ ಅಣ್ಣನಿಗೆ, “ಲೇ, ನಿಮ್ಮಪ್ಪಗ ಚೀಟಿ ಬರಿ. ಹುಡುಗಿ ಹೋಗಿಬರಲಿ ಅಂತ. ಕಾಲು ನೋಯಾಕತ್ತಾವ ಅಂದೋರೆಲ್ಲ ಕುಂತು ಎದ್ದು ಶ್ರೀಶೈಲ ಮುಟ್ಟ್ಯಾರ. ಏನೂ ಆಗಿಲ್ಲ ಅಂದೋರನ್ನ ನಾವು ಹೊತಗೊಂಡು ತಂದೀವಿ.”

“ಮತ್ತ ನಾನು?”

“ನೀ ಈಕಿ ಹಿಂದಿಂದ ಹೋಗು. ಮುಂದಾದ್ರ ಗೋಕರ್ಣಕ್ಕೇ ಓಡ್ತೀದಿ.”

ಅಣ್ಣ ನಕ್ಕ. ನಾನು ಮೆಲ್ಲನೆ ಕೂತು, ಮೊದಲ ದಿನದ ಪುಟವನ್ನು ಹೊಡೆದು ಹಾಕಿ ಮತ್ತೆ ಬರೆದೆ. ನಸುಕಿಗೆ ಕಾರವಾರ ಬಿಡುವುದು. ಮಧ್ಯಾಹ್ನಕ್ಕೆ ಅಂಕೋಲೆ. ಕೆಳಗೆ ಅರ್ಧ ಪುಟ ಉಳಿಯಿತು.

“ಮಧ್ಯಾಹ್ನದಿಂದ ಕತ್ತಲಾಗೋತನ ಏನ ಮಾಡ್ತೀರಿ?” ಎಂದಳು ಅತ್ತೆ.

“ಸಮುದ್ರ ನೋಡ್ತೀವಿ.”

ಅವಳ ಕೈಯ ಮೊರ ನಿಂತಿತು. “ಅಷ್ಟೊತ್ತು ನೋಡಿದ್ರೂ ಮುಗಿಯಂಗಿಲ್ಲೇನು ಅದು?”

ಗೊತ್ತಿಲ್ಲವೆಂದೆ. ಮೂವರೂ ನಕಾಶೆಯ ನೀಲಿ ಬಣ್ಣವನ್ನೇ ನೋಡುತ್ತ ಕೂತೆವು. ಅದು ಪಡುವಣ ದಿಕ್ಕಿಗೆ ಹರಡಿ ಕಾಗದದ ಅಂಚಿನವರೆಗೂ ಹೋಗಿತ್ತು. ಅತ್ತೆ ಬೆರಳಿನಿಂದ ಆ ಅಂಚನ್ನು ಮುಟ್ಟಿ, ಅದರಾಚೆಯ ಬರಿಯ ನೆಲದ ಮೇಲೂ ಒಂದು ಗೇಣು ಸರಿಸಿದಳು.